ಕೇಸು ಮಾತಾಡಬಾರದು

ನನ್ನ ಅತ್ತಿಗೆಯನ್ನು ಆ ಆಸ್ಪತ್ರೆಯವರು ‘ಕೇಸು’ ಎನ್ನುತ್ತಿದ್ದರು. ಕೇಸು ಬಂತಾ? ಕೇಸನ್ನು ಮಂಚಕ್ಕೆ ಹಾಕಿದ್ರಾ? ಕೇಸು ತಿಂಡಿ ತಿಂದಿದೆಯಾ? ಅರ್ಧ ಆಯುಷ್ಯವನ್ನು ಓಡುವ ಬಸ್ಸಿನಲ್ಲಿ ನಿಂತೇ ಕಳೆದವರು ನನ್ನ ಅತ್ತಿಗೆ. ಅವರು ಗಂಟಲೆತ್ತಿದರೆ ಹಿಂದಿನ ಸೀಟಿನಲ್ಲಿ ಸುಳ್ಳು ಗೊರಕೆ ಹೊಡೆಯುತ್ತಿದ್ದವನೂ ಎದ್ದು ಕೂತು ಟಿಕೆಟ್ ತೆಗೆದುಕೊಳ್ಳಬೇಕು. ಅಂಥವರನ್ನು ಇವರು ಬಂತಾ, ತಿಂದಿದೆಯಾ ಎಂದು ಕೊಟ್ಟಿಗೆಯ ದನವನ್ನು ವಿಚಾರಿಸಿದ ಹಾಗೆ ವಿಚಾರಿಸುತ್ತಿದ್ದರು. ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಾನು ತಣ್ಣಗೆ ಕೂತು ಹೇಳುತ್ತೇನೆ ಎಂದು ಯಾರೂ ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಾನು ಡ್ರೈವರ್, ಅವರು ಕಂಡಕ್ಟರ್, ಇಬ್ಬರಿಗೂ ಒಂದೇ ಬಸ್ಸು. ನನ್ನ ಅಣ್ಣ, ಅಂದರೆ ಅವರ ಗಂಡ, ಟೈಲರ್. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಬೆಳಗಿನಿಂದ ಸಂಜೆಯವರೆಗೆ ತಲೆ ಬಗ್ಗಿಸಿ ದುಡಿಯುವ ಮನುಷ್ಯ. ಅವನ ಪಾಲಿನ ಮಾತನ್ನೂ ಅತ್ತಿಗೆಯೇ ಆಡುತ್ತಿದ್ದರು. “ಮನೇಲೂ ಅತ್ತಿಗೆ ಮಾತು ಕೇಳ್ಬೇಕು, ಬಸ್ಸಲ್ಲೂ ಕೇಳ್ಬೇಕು, ಯಾವ ಜನ್ಮದ ಕರ್ಮನಪ್ಪಾ ನಿಂದು,” ಎಂದು ದಿನವೂ ಬರುವ ಪ್ರಯಾಣಿಕರು ನನ್ನನ್ನು ಕಾಡುತ್ತಿದ್ದರು. ನಿಜ ಹೇಳಬೇಕೆಂದರೆ ಅತ್ತಿಗೆ ನನ್ನ ಜೊತೆ ಬಾಯಿಗಿಂತ ಹೆಚ್ಚು ಸೀಟಿಯಲ್ಲೇ ಮಾತಾಡುತ್ತಿದ್ದರು. ಒಂದು ಉದ್ದನೆಯ ಸೀಟಿ ಎಂದರೆ ನಿಲ್ಲಿಸು, ಎರಡು ಚಿಕ್ಕವು ಎಂದರೆ ಹೊರಡು. ಸೀಟಿ ಬಿತ್ತು ಎಂದು ನನಗೆ ಗೊತ್ತಾಗುವ ಮೊದಲೇ ನನ್ನ ಬಲಗಾಲು ಬ್ರೇಕಿನ ಮೇಲಿರುತ್ತಿತ್ತು. ಜನರ ಬಾಯಲ್ಲಿ ಅವರು ಸೀಟಿ ಅಕ್ಕ ಆಗಿದ್ದರು.

ನಮ್ಮ ಬಸ್ಸಿನ ಹಿಂಬಾಗಿಲ ಚಿಲಕ ಸವೆದು ಹೋಗಿತ್ತು. ತಿರುವು ಬಂದರೆ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತಿತ್ತು. ಡ್ಯೂಟಿ ಮುಗಿಸಿ ಡಿಪೋಗೆ ಬಂದಾಗಲೆಲ್ಲ ಅತ್ತಿಗೆ ಮ್ಯಾನೇಜರನ ಮೇಜಿನ ಮುಂದೆ ಹೋಗಿ ನಿಲ್ಲುತ್ತಿದ್ದರು.

“ಸಾರ್, ಆ ಚಿಲಕ ಒಂದಿನ ಯಾರನ್ನಾದ್ರೂ ತಿನ್ನುತ್ತೆ.”

“ಮೇಲಿನವರಿಗೆ ಹೇಳಿದ್ದೀನಮ್ಮ. ಒಪ್ಪಿಗೆ ಬರ್ಲಿ,” ಎಂದು ಅವನು ಕಿವಿ ಕೆರೆದುಕೊಳ್ಳುತ್ತಿದ್ದ.

ಕಲ್ಲಿನ ಮೇಲೆ ನೀರು ಸುರಿದ ಹಾಗೆ. ಕೊನೆಗೆ ಅತ್ತಿಗೆಯೇ ಅಣ್ಣನ ಹತ್ತಿರ ದಪ್ಪ ಬಟ್ಟೆಯ ಪಟ್ಟಿಯೊಂದನ್ನು ಹೊಲಿಸಿಕೊಂಡು ಬಂದು ಬಾಗಿಲನ್ನು ಬಿಗಿದರು. ಆದರೆ ಬಿಗಿದದ್ದನ್ನು ಸ್ಟಾಪು ಸ್ಟಾಪಿಗೂ ಬಿಚ್ಚಬೇಕಿತ್ತಲ್ಲ. ಒಂದು ಮಧ್ಯಾಹ್ನ, ತುಂಬಿದ ಬಸ್ಸು, ಮಾರುಕಟ್ಟೆಯ ತಿರುವು. ಬಾಗಿಲಿಗೆ ಒರಗಿದ್ದ ಅಜ್ಜಿಯೊಬ್ಬರನ್ನು ಒಳಗೆ ಸರಿಸಿ ಅತ್ತಿಗೆ ಆ ಜಾಗದಲ್ಲಿ ನಿಂತರು. ಆಗಲೇ ಬಾಗಿಲು ಬಾಯಿ ಬಿಟ್ಟಿತು. ನನಗೆ ಸೀಟಿ ಕೇಳಿಸಲಿಲ್ಲ, ಜನರ ಕೂಗು ಕೇಳಿಸಿತು. ನಾನು ಇಳಿದು ಓಡಿ ಬಂದಾಗ ಅತ್ತಿಗೆ ರಸ್ತೆಯಂಚಿನ ಕಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. “ಕಾಲು ಎಲ್ಲಿದೆ ನೋಡೋ, ನನಗೆ ಸಿಗ್ತಾ ಇಲ್ಲ,” ಎಂದರು. ಕಾಲುಗಳು ಅಲ್ಲೇ ಇದ್ದವು. ಮಾರನೆಯ ಬೆಳಿಗ್ಗೆ ಬಸ್ಸಿಗೆ ಹೊಸ ಚಿಲಕ ಬಂದಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕುವ ಈ ಜನಕ್ಕೆ ರಾತ್ರೋರಾತ್ರಿ ಒಪ್ಪಿಗೆ ಎಲ್ಲಿಂದ ಬಂತೋ, ಅವರನ್ನೇ ಕೇಳಬೇಕು.

ಆಸ್ಪತ್ರೆಯಲ್ಲಿ ಡಾಕ್ಟರುಗಳು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೋದರು. ನಮ್ಮ ಜೊತೆ ಕೂತು ಹೇಳಿದವರು ವಾರ್ಡಿನ ಹಿರಿಯ ನರ್ಸಮ್ಮ. ಬೆನ್ನುಮೂಳೆ ಬೇರೆ, ಬೆನ್ನುಹುರಿ ಬೇರೆ ಎಂದು ಅವರು ಮೊದಲು ಬಿಡಿಸಿ ಹೇಳಿದರು. ಒಂದರ ಮೇಲೊಂದು ಪೇರಿಸಿದ ಮೂಳೆಗಳ ಮಧ್ಯೆ ಕೊಳವೆಯಂತೆ ದಾರಿಯಿದೆ, ಅದರೊಳಗೆ ಕಿರುಬೆರಳಿನಷ್ಟು ದಪ್ಪದ ಹುರಿ ಮೆದುಳಿನಿಂದ ಇಳಿದು ಬರುತ್ತದೆ. ಸೊಂಟದವರೆಗೂ ಪೂರ್ತಿ ಬರುವುದಿಲ್ಲ, ಸ್ವಲ್ಪ ಮೇಲೇ ಮುಗಿದು ಅಲ್ಲಿಂದ ಕೆಳಗೆ ನರಗಳ ಎಳೆಗಳು ಜಡೆ ಬಿಚ್ಚಿದ ಹಾಗೆ ಜೋತಾಡುತ್ತವೆ. ಮೂಳೆ ಮೂಳೆಯ ಸಂದಿನಿಂದ ಎಡಕ್ಕೊಂದು ಬಲಕ್ಕೊಂದು ನರ ಹೊರಡುತ್ತದೆ. ಪ್ರತಿ ನರಕ್ಕೂ ಎರಡು ಬೇರು. ಹಿಂದಿನ ಬೇರು ಮೈಯಿಂದ ಸುದ್ದಿ ತರುತ್ತದೆ, ಮುಂದಿನದು ಸ್ನಾಯುವಿಗೆ ಅಪ್ಪಣೆ ಒಯ್ಯುತ್ತದೆ. ಅತ್ತಿಗೆಯ ಎದೆಯ ಮಟ್ಟದ ನಾಲ್ಕನೆಯ ಮೂಳೆ ಮುರಿದು ಒಳಗಿನ ಹುರಿಯನ್ನು ಜಜ್ಜಿ ಹಾಕಿತ್ತು. ಕೈ, ಕುತ್ತಿಗೆ, ಬಾಯಿ ಎಲ್ಲ ಸರಿಯಾಗಿದ್ದವು. ಎದೆಯಿಂದ ಕೆಳಗೆ ಏನೂ ಇಲ್ಲ.

“ಅಂದ್ರೆ ಅಲ್ಲಿಂದ ಮುಂದಕ್ಕೆ ಬಸ್ಸಿಲ್ಲ,” ಎಂದರು ಅತ್ತಿಗೆ.

“ದೂರದ ಬಸ್ಸಿಲ್ಲಮ್ಮ. ಲೋಕಲ್ ಬಸ್ಸು ಓಡ್ತಾ ಇರ್ತವೆ,” ಎಂದರು ನರ್ಸಮ್ಮ.

ಆಮೇಲೆ ಆ ಲೋಕಲ್ ಬಸ್ಸು ಯಾವುದು ಎಂದೂ ಬಿಡಿಸಿ ಹೇಳಿದರು. ಬಿಸಿ ಪಾತ್ರೆ ಮುಟ್ಟಿದರೆ ಕೈ ಮೊದಲು ಹಿಂದಕ್ಕೆ ಬರುತ್ತದೆ, ಸುಟ್ಟಿತು ಎಂದು ತಲೆಗೆ ಗೊತ್ತಾಗುವುದು ಆಮೇಲೆ. ಕೈ ತೆಗೆಸುವುದು ಬೆನ್ನುಹುರಿಯೇ. ಹಿಂದಿನ ಬೇರಿನಿಂದ ಬಂದ ಸುದ್ದಿಯನ್ನು ಅದು ತನ್ನೊಳಗೇ ಮುಂದಿನ ಬೇರಿಗೆ ದಾಟಿಸಿಬಿಡುತ್ತದೆ. ಮಂಡಿಯ ಕೆಳಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಕಾಲು ಚಿಮ್ಮುವುದೂ ಇದೇ ದಾರಿಯಲ್ಲಿ, ಡಾಕ್ಟರುಗಳ ಭಾಷೆಯಲ್ಲಿ ರಿಫ್ಲೆಕ್ಸ್. ಪೆಟ್ಟು ಬಿದ್ದ ಕೆಳಗೆ ಹುರಿ ಸತ್ತಿರುವುದಿಲ್ಲ, ತಲೆಯ ಜೊತೆ ಮಾತು ನಿಂತಿರುತ್ತದೆ ಅಷ್ಟೆ. ಮೊದಲಾದರೆ ಮೆದುಳು ಮೇಲಿನಿಂದ ‘ಸಾಕು, ಮೆಲ್ಲಗೆ’ ಎಂದು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿರುತ್ತದೆ. ಈಗ ಆ ಮಾತು ಕೆಳಗೆ ತಲುಪುವುದಿಲ್ಲ, ಆದ್ದರಿಂದ ಕಾಲುಗಳು ಆರೋಗ್ಯವಾಗಿರುವವರ ಕಾಲಿಗಿಂತ ಜೋರಾಗಿ ಚಿಮ್ಮುತ್ತವೆ. ಕಾಲು ಕುಣಿಯಿತು, ಇನ್ನು ನಡೆದೇಬಿಡುತ್ತಾರೆ ಎಂದು ಆಸೆ ಪಟ್ಟುಕೊಳ್ಳಬೇಡಿ ಎಂದು ಅಣ್ಣನಿಗೆ ಮೆತ್ತಗೆ ಹೇಳಿದರು. ಅಣ್ಣ ಹೂಂ ಎಂದ.

ನನಗೆ ಆಗ ಹೊಳೆದದ್ದು ಬೇರೆ. ಬೆನ್ನುಹುರಿಗೆ ಮೇಲಿನವರ ಒಪ್ಪಿಗೆ ಬೇಕಾಗಿಲ್ಲ. ಸುಡುತ್ತದೆ ಎಂದರೆ ಕೈ ತೆಗೆಸುತ್ತದೆ. ನಮ್ಮ ಡಿಪೋ ಮ್ಯಾನೇಜರನಿಗೆ ತಲೆ ಇಲ್ಲದಿದ್ದರೆ ಹಾಳಾಗಿ ಹೋಗಲಿ, ಒಂದು ಬೆನ್ನುಹುರಿ ಇದ್ದಿದ್ದರೆ ಸಾಕಿತ್ತು.

ಗಾಲಿಕುರ್ಚಿಯಲ್ಲಿ ಮನೆಗೆ ಬಂದ ಅತ್ತಿಗೆ ತಿಂಗಳೊಳಗೆ ಮನೆಯನ್ನು ಮತ್ತೆ ಕೈಗೆ ತೆಗೆದುಕೊಂಡರು. ಮಿಷನ್ ಸದ್ದಿನಲ್ಲಿ ಅಣ್ಣನಿಗೆ ಕರೆದದ್ದು ಕೇಳಿಸುವುದಿಲ್ಲ ಎಂದು ಹಳೆಯ ಸೀಟಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡರು. ಒಂದು ಸೀಟಿ ಎಂದರೆ ಹೊಲಿಗೆ ನಿಲ್ಲಿಸಿ ಬಾ ಎಂದರ್ಥ. ಅಡುಗೆಮನೆಯ ಹೊಸ್ತಿಲಿಗೆ ಕುರ್ಚಿಯ ಚಕ್ರ ತಾಗಿದರೆ ಸಾಕು, ಬಲಗಾಲು ಮುಂದಕ್ಕೆ ಚಿಮ್ಮಿ ಎದುರಿಗಿದ್ದವರಿಗೆ ಒಂದು ಬಿಗಿಯುತ್ತಿತ್ತು. ಅಣ್ಣನಿಗೆ ಎಷ್ಟು ಸಲ ಬಿದ್ದಿದೆಯೋ ಲೆಕ್ಕವಿಲ್ಲ. “ನಾನಲ್ಲ ರೀ, ಬೆನ್ನುಹುರಿ,” ಎಂದು ಅತ್ತಿಗೆ ನಗುತ್ತಿದ್ದರು. “ಮದುವೆಯಾದಾಗಿಂದ ಕಾಯ್ತಾ ಇತ್ತೇನೋ ಅದು,” ಎಂದು ಅಣ್ಣ ಮೊಣಕಾಲು ಉಜ್ಜಿಕೊಳ್ಳುತ್ತಿದ್ದ. ಅವನು ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ನಗುವಂಥದ್ದಲ್ಲದ ಇನ್ನೊಂದು ಇತ್ತು. ಅತ್ತಿಗೆಗೆ ಮೂತ್ರ ಹೋಗಲು ಪೈಪು ಹಾಕಿ, ಅದರ ತುದಿಗೆ ಚೀಲ ಕಟ್ಟಿದ್ದರು. ಮನೆಗೆ ಕಳಿಸುವಾಗ ನರ್ಸಮ್ಮ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಎಚ್ಚರಿಸಿದ್ದರು. ಈ ಪೈಪು ಎಲ್ಲಾದರೂ ಮಡಚಿಕೊಂಡರೆ ಚೀಲ ತುಂಬುವ ಬದಲು ಹೊಟ್ಟೆಯೊಳಗೇ ತುಂಬುತ್ತದೆ. ಇವರಿಗೆ ಅದು ಗೊತ್ತಾಗುವುದಿಲ್ಲ, ಕೆಳಗಿನ ಹುರಿಗೆ ಗೊತ್ತಾಗುತ್ತದೆ. ಅದು ತನಗೆ ತಿಳಿದ ಒಂದೇ ಕೆಲಸ ಮಾಡುತ್ತದೆ, ಕೆಳಗಿನ ರಕ್ತನಾಳಗಳನ್ನೆಲ್ಲ ಬಿಗಿ ಹಿಡಿಯುತ್ತದೆ. ರಕ್ತದ ಒತ್ತಡ ನೆತ್ತಿಗೇರುತ್ತದೆ. ಸಾಕು ನಿಲ್ಲಿಸು ಎಂದು ಮೆದುಳು ಎಷ್ಟು ಕೂಗಿದರೂ ಆ ಕೂಗು ಮುರಿದ ಜಾಗ ದಾಟುವುದಿಲ್ಲ. ತಲೆ ಸಿಡಿಯುವ ನೋವು, ಮುಖ ಕೆಂಪು, ಹಣೆಯಲ್ಲಿ ಬೆವರು ಕಂಡರೆ ಯಾರನ್ನೂ ಕಾಯಬೇಡಿ, ಮೊದಲು ನೆಟ್ಟಗೆ ಕೂರಿಸಿ, ಆಮೇಲೆ ಪೈಪು ನೋಡಿ. ತಡವಾದರೆ ತಲೆಯೊಳಗಿನ ನಾಳ ಒಡೆದು ಜೀವ ಹೋಗುತ್ತದೆ. ಹಾಗೆಂದು ಹೇಳಿ ಕಳಿಸಿದ್ದರು. ಮನೆಯಲ್ಲಿ ಒಮ್ಮೆ ಹಾಗೆ ಆಗಿಯೂ ಇತ್ತು. ಪೈಪು ತೊಡೆಯ ಕೆಳಗೆ ಸಿಕ್ಕಿಕೊಂಡಿತ್ತು. ಸೀಟಿ ಕೇಳಿ ಅಣ್ಣ ಓಡಿ ಬಂದು ಸರಿ ಮಾಡಿದ್ದ.

ಈಗ ಆ ಪರೀಕ್ಷೆಯ ವಿಷಯ. ಅದು ಡಾಕ್ಟರು ಓದುವವರ ಕಾಲೇಜಿನ ಆಸ್ಪತ್ರೆ. ವರ್ಷಕ್ಕೊಮ್ಮೆ ಅಲ್ಲಿ ಪ್ರಾಕ್ಟಿಕಲ್ ಪರೀಕ್ಷೆ ನಡೆಯುತ್ತದೆ, ಅದಕ್ಕೆ ನಿಜವಾದ ರೋಗಿಗಳು ಬೇಕು. ಕಾಯಿಲೆಯ ಗುರುತುಗಳು ಎದ್ದು ಕಾಣುವ ಹಳೆಯ ರೋಗಿಗಳನ್ನು ಹೇಳಿ ಕಳಿಸಿ ಕರೆಸುತ್ತಾರೆ. ಮಂಚದ ಮೇಲೆ ಮಲಗಿಸುತ್ತಾರೆ. ವಿದ್ಯಾರ್ಥಿ ಬಂದು ಸೂಜಿಯಿಂದ ಚುಚ್ಚಿ, ಸುತ್ತಿಗೆಯಿಂದ ತಟ್ಟಿ, ಅಂಗಾಲನ್ನು ಕೀಲಿಕೈಯಿಂದ ಗೀರಿ, ಬೆನ್ನುಹುರಿಗೆ ಪೆಟ್ಟು ಎಲ್ಲಿ ಬಿದ್ದಿದೆ ಎಂದು ಕಂಡುಹಿಡಿಯಬೇಕು. ರೋಗಿಗೆ ಉತ್ತರ ಗೊತ್ತಿರುತ್ತದಲ್ಲ, ಆದ್ದರಿಂದ ಕಟ್ಟಳೆ ಒಂದೇ: ಕೇಸು ಮಾತಾಡಬಾರದು.

“ಹೋಗ್ಲೇಬೇಕಾ ಅತ್ತಿಗೆ? ಆಟದ ಸಾಮಾನಾ ನೀವು?” ಎಂದು ನಾನು ಪ್ರತಿ ಸಲವೂ ರೇಗುತ್ತಿದ್ದೆ.

“ನನ್ನ ಕಾಲು ನನಗಂತೂ ಪ್ರಯೋಜನಕ್ಕೆ ಬರಲ್ಲ. ಮಕ್ಕಳಾದ್ರೂ ಕಲೀಲಿ ಬಿಡೋ,” ಎನ್ನುತ್ತಿದ್ದರು.

ಮಕ್ಕಳು ಕಲಿಯಲಿ ಎಂಬ ಆಸೆ ಅವರಿಗೆ ಒಂದು ತೂಕ ಹೆಚ್ಚೇ ಇತ್ತು. ಹಿಂದಿನ ವರ್ಷ ಒಬ್ಬ ವಿದ್ಯಾರ್ಥಿ ಏನೂ ತೋಚದೆ ಕಣ್ಣಲ್ಲಿ ನೀರು ತಂದುಕೊಂಡಾಗ ಅತ್ತಿಗೆ ಮೆಲ್ಲಗೆ ಎದೆಯ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದ್ದರು. ಮುಖ್ಯ ಪರೀಕ್ಷಕ ಅದನ್ನು ನೋಡಿಬಿಟ್ಟಿದ್ದ. ಆದ್ದರಿಂದ ಈ ವರ್ಷ ಅವನು ಮಂಚದ ಹತ್ತಿರವೇ ಬಂದು ಬೆರಳು ಅಲ್ಲಾಡಿಸಿದ.

“ನೋಡಮ್ಮ, ಹೋದ ಸಲದ ಆಟ ಈ ಸಲ ನಡೆಯಲ್ಲ. ಹೂಂ, ಊಹೂಂ, ಅಷ್ಟೆ. ಹೊರಗಿನ ಕಾಲೇಜಿಂದ ದೊಡ್ಡವರು ಬಂದಿದ್ದಾರೆ.”

ಇದು ನನ್ನ ಎದುರಿಗೇ ನಡೆಯಿತು. ಮುಂದಿನದು ನನ್ನನ್ನು ಹೊರಗೆ ಕಳಿಸಿದ ಮೇಲೆ ಆದದ್ದು. ರೋಗಿಯ ಕಡೆಯವರು ಒಳಗಿರುವಂತಿಲ್ಲ ಎಂದು ನನ್ನನ್ನು ಕಾರಿಡಾರಿನ ಬೆಂಚಿಗೆ ಅಟ್ಟಿದರು. ಒಳಗಿನದನ್ನು ಅತ್ತಿಗೆ ಆಮೇಲೆ ಹೇಳಿದರು. ನಾನು ಬಾಗಿಲು ದಾಟಿದ್ದೇ ತಡ, ಒಬ್ಬ ಸಣ್ಣ ವಯಸ್ಸಿನ ಡಾಕ್ಟರು ಬಂದು ಮಂಚಕ್ಕೆ ಕಟ್ಟಿದ್ದ ಚೀಲವನ್ನು ನೋಡಿ ಮೂಗು ಮುರಿದ. “ದೊಡ್ಡವರ ಕಣ್ಣಿಗೆ ಇದು ಬಿದ್ದರೆ ಚೆನ್ನಾಗಿರಲ್ಲ, ತೆಗೀರಿ,” ಎಂದು ಅಟೆಂಡರನಿಗೆ ಹೇಳಿದ. ಚೀಲ ತೆಗೆದು, ಸೋರದಿರಲಿ ಎಂದು ಪೈಪಿಗೆ ಒಂದು ಕ್ಲಿಪ್ಪು ಹಾಕಿ, ಎಲ್ಲವನ್ನೂ ಬಿಳಿ ಹೊದಿಕೆಯ ಕೆಳಗೆ ಮುಚ್ಚಿದರು.

“ಬಹಳ ಹೊತ್ತು ಹಾಗಿಡಬೇಡಿ ಡಾಕ್ಟ್ರೇ, ನನಗೆ ಆಗಲ್ಲ,” ಎಂದರು ಅತ್ತಿಗೆ.

“ಒಂದು ಗಳಿಗೆ ಅಷ್ಟೆ, ಸುಮ್ನಿರಿ,” ಎಂದು ಅವನು ಹೋದ. ಹೋದವನು ತಿರುಗಿ ಬರಲಿಲ್ಲ.

ದೊಡ್ಡವರು ತಿಂಡಿಗೆ ಕೂತಿದ್ದರು. ತಟ್ಟೆ ತಟ್ಟೆಯಾಗಿ ಒಳಗೆ ಹೋಗುವುದನ್ನು ನಾನು ಬೆಂಚಿನಿಂದ ನೋಡುತ್ತಿದ್ದೆ. ತಿಂಡಿ ಮುಗಿದು ಕಾಫಿಯಾಯಿತು, ಕಾಫಿ ಮುಗಿದು ಹಳೆಯ ಗೆಳೆಯರ ಹರಟೆಯಾಯಿತು. ಅಷ್ಟು ಹೊತ್ತೂ ಅತ್ತಿಗೆ ಅಂಗಾತ ಮಲಗಿಯೇ ಇದ್ದರು. ಬೇರೆಯವರು ಎತ್ತದೆ ಅವರು ಏಳುವ ಹಾಗಿಲ್ಲ, ಕ್ಲಿಪ್ಪಿನವರೆಗೆ ಅವರ ಕೈ ಹೋಗುವ ಹಾಗೂ ಇಲ್ಲ. ಕೊನೆಗೆ ಗಂಟೆ ಹೊಡೆಯಿತು. ಕನ್ನಡಕದ ಒಬ್ಬ ಹುಡುಗಿ ಸುತ್ತಿಗೆ ಹಿಡಿದು ಬಂದಳು, ಅವಳ ಬೆನ್ನ ಹಿಂದೆ ಪರೀಕ್ಷಕರಿಬ್ಬರು.

ಹುಡುಗಿ ಮಂಡಿ ತಟ್ಟಿದಳು, ಕಾಲು ಚಿಮ್ಮಿತು. ಅಂಗಾಲು ಗೀರಿದಳು, ಹೆಬ್ಬೆರಳು ಮೇಲಕ್ಕೆ ನಿಗುರಿತು. “ಬ್ಯೂಟಿಫುಲ್,” ಎಂದ ಹೊರಗಿನವನು. ಅಷ್ಟರಲ್ಲಿ ಅತ್ತಿಗೆಗೆ ಕಿವಿಯ ಹಿಂದೆ ಧಿಂ ಧಿಂ ಎಂದು ಶುರುವಾಗಿತ್ತು. ಏನಾಗುತ್ತಿದೆ ಎಂದು ಅವರಿಗೆ ತಕ್ಷಣ ಗೊತ್ತಾಯಿತು. ಕೇಳಿದ್ದಕ್ಕೆ ಮಾತ್ರ ಹೂಂ ಎನ್ನಬೇಕೆಂಬ ಮಾತಿಗೆ ಕಟ್ಟುಬಿದ್ದು ಒಂದಿಷ್ಟು ಹೊತ್ತು ಹಲ್ಲು ಕಚ್ಚಿದರು. ಆಮೇಲೆ ತಡೆಯಲಾಗಲಿಲ್ಲ.

“ಡಾಕ್ಟರಮ್ಮ, ತಲೆ ಸಿಡೀತಾ ಇದೆ. ಪೈಪು ನೋಡಿ.”

“ಶುರುವಾಯ್ತಲ್ಲ,” ಎಂದ ಮುಖ್ಯ ಪರೀಕ್ಷಕ. ಹೊರಗಿನವನ ಕಡೆ ತಿರುಗಿ, “ಈ ಕೇಸಿಗೆ ಹೇಳಿಕೊಡೋ ಚಟ ಸಾರ್. ಹೋದ ವರ್ಷ ಬೆರಳು ತೋರಿಸ್ತು, ಈ ವರ್ಷ ಬಾಯೇ ಬಂದಿದೆ,” ಎಂದ. ಇಬ್ಬರೂ ನಕ್ಕರು.

“ಹೇಳಿಕೊಡ್ತಾ ಇಲ್ಲ ಸಾರ್, ನಿಜವಾಗ್ಲೂ—”

“ಕೇಸು ಮಾತಾಡಬಾರದು.”

ಹುಡುಗಿ ಸುತ್ತಿಗೆ ಕೆಳಗಿಳಿಸಿದಳು. “ಸರ್, ಇವರ ಹಣೆ ಪೂರ್ತಿ ಬೆವರಿದೆ.”

“ಫ್ಯಾನ್ ಜೋರು ಮಾಡಿ. ನೀನು ಮುಂದುವರಿಸಮ್ಮ, ನಿನ್ನ ಸಮಯ ಹೋಗ್ತಾ ಇದೆ.”

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎನ್ನುವುದು ಇದಕ್ಕೇ. ಬೆನ್ನುಹುರಿಯ ವಿಷಯವನ್ನು ಅರೆದು ಕುಡಿದ ಇಬ್ಬರು, ಅದನ್ನೇ ಓದುತ್ತಿರುವ ಒಬ್ಬಳು, ಮೂವರೂ ಒಂದು ಹೆಂಗಸಿನ ಮಂಡಿಯನ್ನು ನೋಡುತ್ತಾ ನಿಂತಿದ್ದಾರೆ. ಅದೇ ಹೆಂಗಸನ್ನು ಅದೇ ಬೆನ್ನುಹುರಿ ಒಂದು ಗಜ ದೂರದಲ್ಲಿ ಕೊಲ್ಲುತ್ತಿದೆ. ಅವಳು ಬಾಯಿ ಬಿಟ್ಟು ಹೇಳಿದರೂ ಅದು ಇವರಿಗೆ ಕಾಪಿ ಹೊಡೆಸುವ ಹುನ್ನಾರ. ಕಾಯಿಲೆಯಾದವರ ಮಾತನ್ನು ಕೇಳಬಾರದು ಎಂದು ಕಟ್ಟಳೆ ಮಾಡಿಕೊಂಡು ಡಾಕ್ಟರುಗಳನ್ನು ತಯಾರು ಮಾಡುತ್ತಾರಲ್ಲ, ಇವರ ವಿದ್ಯೆಗೆ ಬೆಂಕಿ ಹಾಕ.

ಅತ್ತಿಗೆಯ ಕಣ್ಣು ಮಂಜಾಗತೊಡಗಿತ್ತು. ಮಾತಾಡಬಾರದು ಅಷ್ಟೇ ತಾನೆ ಎಂದುಕೊಂಡರಂತೆ. ಕೊರಳಿಗೆ ಕೈ ಹಾಕಿದರು.

ಆ ಸೀಟಿ. ಒಂದೇ, ಉದ್ದನೆಯದು. ಕಾರಿಡಾರಿನ ಬೆಂಚಿನಲ್ಲಿದ್ದ ನನ್ನ ಬಲಗಾಲು ನೆಲದ ಕಲ್ಲನ್ನು ಒತ್ತಿ ಹಿಡಿಯಿತು. ಅಲ್ಲಿ ಬ್ರೇಕೂ ಇಲ್ಲ, ಬಸ್ಸೂ ಇಲ್ಲ. ಅದು ಬೆನ್ನುಹುರಿಯ ಕೆಲಸವಲ್ಲ, ತಲೆಯೊಳಗಿನ ಅಭ್ಯಾಸ ಎಂದು ತಿಳಿದವರು ಹೇಳುತ್ತಾರೆ, ಇರಬಹುದು. ನಾನು ಎದ್ದು ಓಡಿದೆ. ಅಟೆಂಡರ್ ಅಡ್ಡ ಬಂದ, ಅವನನ್ನು ಸರಿಸಿದ್ದು ಸ್ವಲ್ಪ ಜೋರಾಗಿಯೇ ಇರಬೇಕು, ಗೋಡೆಗೆ ಒರಗಿಕೊಂಡ. ಅತ್ತಿಗೆಯ ಮುಖ ಕೆಂಡದ ಹಾಗಿತ್ತು. ತೋಳು ಕೊಟ್ಟು ಎತ್ತಿ ನೆಟ್ಟಗೆ ಕೂರಿಸಿ ನನ್ನ ಎದೆಗೆ ಒರಗಿಸಿಕೊಂಡೆ.

“ಕ್ಲಿಪ್ಪು,” ಎಂದರು ಅತ್ತಿಗೆ.

ಹುಡುಗಿ ಅಷ್ಟರಲ್ಲಿ ಹೊದಿಕೆ ಕಿತ್ತೆಸೆದು ಮಂಡಿಯೂರಿ ಕೂತಿದ್ದಳು. ಕ್ಲಿಪ್ಪು ತೆಗೆದಳು. ಚೀಲ ಇಲ್ಲವಲ್ಲ, ತುಂಬಿದ್ದದ್ದೆಲ್ಲ ನೆಲಕ್ಕೆ ಹರಿಯಿತು. ಹೊರಗಿನ ಪರೀಕ್ಷಕ ಹೊಳೆಯುವ ಬೂಟುಗಳನ್ನು ಎತ್ತಿಕೊಂಡು ಹಿಂದಕ್ಕೆ ನೆಗೆದ. ಅಷ್ಟು ಬೇಗ ಅವನು ಬೇರೆ ಯಾವುದಕ್ಕೂ ಅಲ್ಲಾಡಿರಲಿಲ್ಲ. ಅತ್ತಿಗೆಯ ಉಸಿರು ನಿಧಾನವಾಗಿ ಹದಕ್ಕೆ ಬಂತು. ಬಿಪಿ ನೋಡುವ ಪಟ್ಟಿ ಎಲ್ಲಿಂದಲೋ ಬಂದಾಗ ಒತ್ತಡ ಇಳಿಯುತ್ತಿತ್ತು. ಏರಿದ್ದಾಗ ನೋಡಿದವರು ಯಾರೂ ಇರಲಿಲ್ಲ.

ಈಗಲಾದರೂ ತಪ್ಪಾಯಿತು ಎನ್ನುತ್ತಾರೆ ಎಂದು ಕಾದೆ. ಮುಖ್ಯ ಪರೀಕ್ಷಕ ಗಂಟಲು ಸರಿ ಮಾಡಿಕೊಂಡು ಹುಡುಗಿಯ ಕಡೆ ತಿರುಗಿದ.

“ಸರಿ. ಈಗ ಆಗಿದ್ದು ಯಾವ ರಿಫ್ಲೆಕ್ಸ್? ಇದನ್ನೇ ಪ್ರಶ್ನೆ ಅಂದ್ಕೋ. ಹೇಳು.”

ಇವನು ಮನುಷ್ಯನೇ ಎಂದು ನನಗೆ ಅನುಮಾನ ಬಂತು. ಹುಡುಗಿ ಒದ್ದೆ ಕೈಗಳನ್ನು ಕೋಟಿಗೆ ಒರೆಸಿಕೊಂಡು ಎದ್ದಳು. ಅವನಿಗೆ ಬೆನ್ನು ತಿರುಗಿಸಿದಳು. ಅತ್ತಿಗೆಯ ಮುಖದ ಹತ್ತಿರ ಬಗ್ಗಿ, “ಅಮ್ಮ, ಈಗ ಹೇಗಿದೆ?” ಎಂದಳು.

“ಇದನ್ನ ಮೊದಲೇ ಕೇಳ್ಬೇಕಿತ್ತು ಮಗಳೇ,” ಎಂದರು ಅತ್ತಿಗೆ. ಹುಡುಗಿಯ ಕಣ್ಣು ತುಂಬಿತು. “ಅಳಬೇಡ. ಕ್ಲಿಪ್ಪು ತೆಗೆದವಳು ನೀನೇ ತಾನೆ.”

ಬೇರೆ ಚೀಲ ತಂದು ಕಟ್ಟಿದರು. ನಾನು ಅತ್ತಿಗೆಯನ್ನು ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ ಪಟ್ಟಿ ಬಿಗಿದೆ. ಮುಖ್ಯ ಪರೀಕ್ಷಕ ಬಿಪಿ ಎಷ್ಟಾಯಿತು ಎಂದು ಕೇಳಿ ತಲೆಯಾಡಿಸಿದ.

“ನಾರ್ಮಲ್ ಆಯ್ತಲ್ಲ. ಊಟ ಆದ ಮೇಲೆ ಇನ್ನೊಂದು ಬ್ಯಾಚಿದೆ, ಇದೇ ಕೇಸು ಇಟ್ಕೊಳ್ಳಿ. ಇಂಥ ಒಳ್ಳೆ ಕೇಸು ಮತ್ತೆ ಸಿಗಲ್ಲ.”

ನನ್ನ ಕೈ ಮುಷ್ಟಿಯಾಗಿತ್ತು. ಅತ್ತಿಗೆ ಅದನ್ನು ನೋಡಿ ಅದರ ಮೇಲೆ ತಮ್ಮ ಕೈ ಇಟ್ಟರು.

“ಕೇಸು ಇದೇ ಸ್ಟಾಪಲ್ಲಿ ಇಳ್ಕೊಳ್ಳುತ್ತೆ ಸಾರ್,” ಎಂದರು.

ನಾನು ಕುರ್ಚಿ ತಳ್ಳಿದೆ. ಅವನು ನಮಗಿಂತ ಮೊದಲೇ ಹೋಗಿ ಬಾಗಿಲಲ್ಲಿ ಅಡ್ಡ ನಿಂತ. “ಹೀಗೆ ಅರ್ಧಕ್ಕೆ ಎದ್ದು ಹೋದ್ರೆ ಹೇಗಮ್ಮ, ಸ್ವಲ್ಪ ಸಹಕರಿಸ್ಬೇಕು,” ಎಂದು ಎರಡೂ ಕೈ ಅಗಲಿಸಿದ. ಆ ಪರೀಕ್ಷೆಯ ಕೋಣೆಯ ಬಾಗಿಲಿಗೂ ನಮ್ಮ ಅಡುಗೆಮನೆಯಷ್ಟೇ ಎತ್ತರದ ಒಂದು ಹೊಸ್ತಿಲಿತ್ತು. ಚಕ್ರ ಹೋಗಿ ಹೊಸ್ತಿಲಿಗೆ ತಾಗಿತು. ತಾಗಿತೋ ನಾನು ತಾಗಿಸಿದೆನೋ ಎಂದು ಕೇಳಬೇಡಿ, ಇಷ್ಟು ವರ್ಷ ಬಸ್ಸು ಓಡಿಸಿದ್ದೇನೆ, ಚಕ್ರ ಎಲ್ಲಿದೆ ಎಂದು ನನಗೆ ಗೊತ್ತಿರುತ್ತದೆ. ಅತ್ತಿಗೆಯ ಬಲಗಾಲು ಚಿಮ್ಮಿ ಬಂದು ಮುಖ್ಯ ಪರೀಕ್ಷಕನ ಮೊಣಕಾಲ ಚಿಪ್ಪಿಗೆ ಸರಿಯಾಗಿ ಬಿತ್ತು.

ಅವನು ಅಯ್ಯೋ ಎಂದು ಮೊಣಕಾಲು ಹಿಡಿದು ಪಕ್ಕಕ್ಕೆ ಕುಸಿದ. ದಾರಿ ತೆರೆಯಿತು.

“ನಾನಲ್ಲ ಸಾರ್, ಬೆನ್ನುಹುರಿ,” ಎಂದರು ಅತ್ತಿಗೆ. “ಅದಕ್ಕೆ ಮಾತಾಡಬೇಡ ಅಂತ ನೀವು ಹೇಳಿರ್ಲಿಲ್ಲ.”

ಆಮೇಲೆ ಎರಡು ಚಿಕ್ಕ ಸೀಟಿ ಹೊಡೆದರು. ನಾನು ಹೊರಟೆ.